ಮರದ ಬುಡಕ್ಕೆ ಒಂದಿಷ್ಟು ಮಣ್ಣು ಬಿಡಿ

ನಮ್ಮ ಬೀದಿಗೆ ಹೊಸ ಫುಟ್‌ಪಾತ್ ಬಂದಿದೆ. ಬೂದು ಮತ್ತು ಕೆಂಪು ಬಣ್ಣದ ಇಂಟರ್‌ಲಾಕ್ ಟೈಲ್ಸ್, ಅಂಚಿಗೆ ಕರ್ಬ್ ಕಲ್ಲು, ಚರಂಡಿ ಮೇಲೆ ಹೊಸ ಚಪ್ಪಡಿ. ಎದುರು ಮನೆಯ ಅಜ್ಜಿ ವಾಕರ್ ಹಿಡಿದುಕೊಂಡು ಮೂಲೆಯ ಗಣಪತಿ ಗುಡಿವರೆಗೆ ಒಬ್ಬರೇ ಹೋಗಿ ಬರುತ್ತಿದ್ದಾರೆ. ಮೊದಲು ಮಗ ಕೈ ಹಿಡಿದುಕೊಂಡು ಹೋಗಬೇಕಾಗಿತ್ತು. ಈ ಕೆಲಸ ಆಗಲಿ ಅಂತ ನಾವೇ ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದೆವು. ಆದ್ದರಿಂದ ಸಂತೋಷ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸಂಕಟ ಇರುವುದು ಮರಗಳ ಬುಡದಲ್ಲಿ. ಟೈಲ್ಸ್ ಹಾಕಿದವರು ಕಾಂಡದವರೆಗೂ ಹಾಕಿಕೊಂಡು ಹೋಗಿದ್ದರು. ಟೈಲ್ಸ್ ಕೂರದ ಕಡೆ ಸಿಮೆಂಟ್ ಕಲಸಿ ತೊಗಟೆಗೆ ಅಂಟುವ ಹಾಗೆ ಮೆತ್ತಿದ್ದರು. ಬೆರಳು ತೂರಿಸುವಷ್ಟು ಮಣ್ಣೂ ಕಾಣುತ್ತಿರಲಿಲ್ಲ. ನೋಡುವವರಿಗೆ ಚೊಕ್ಕಟ. ಮರಕ್ಕೆ ಮಾತ್ರ ಅದು ಕುತ್ತಿಗೆಗೆ ಬಿಗಿದ ಹಗ್ಗ.

ನಾನು ಹೊಲಿಗೆ ಕೆಲಸ ಮಾಡುವವಳು. ಜಯನಗರದಲ್ಲಿ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮಷಿನ್ ಕಿಟಕಿ ಪಕ್ಕ ಇದೆ. ಬ್ಲೌಸ್, ಚೂಡಿದಾರ್, ಸೀರೆ ಫಾಲ್ಸ್, ಶಾಲೆ ಶುರುವಾಗುವ ಕಾಲಕ್ಕೆ ಯೂನಿಫಾರ್ಮ್. ಬೆಳಗ್ಗೆಯಿಂದ ಸಂಜೆವರೆಗೆ ಅಲ್ಲೇ ಕೂರುವುದರಿಂದ ಬೀದಿಯಲ್ಲಿ ಏನು ನಡೆದರೂ ನನಗೆ ಕಾಣುತ್ತದೆ. ಕಿಟಕಿ ಹೊರಗೆ ಒಂದು ಹೊಂಗೆ ಮರ ಇದೆ. ಬೇಸಿಗೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೂ ನಾನು ಕಪ್ಪು ಬಟ್ಟೆಗೆ ಕಪ್ಪು ದಾರದ ಹೊಲಿಗೆ ಹಾಕಬಲ್ಲೆ ಅಂದರೆ ಅದಕ್ಕೆ ಆ ಮರವೇ ಕಾರಣ. ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುವುದಿಲ್ಲ, ಬೆಳಕು ಮಾತ್ರ ಬರುತ್ತದೆ.

ಬೀದಿಯಲ್ಲಿ ಒಟ್ಟು ಹದಿನಾಲ್ಕು ಮರ. ಹೆಚ್ಚಿನವು ಹೊಂಗೆ. ಎರಡು ಆಕಾಶಮಲ್ಲಿಗೆ, ಒಂದು ಬೇವು, ಮೂಲೆಯಲ್ಲಿ ಒಂದು ಗುಲ್‌ಮೊಹರ್. ಹಿಂದಿನ ಮೇನ್ ರೋಡಿನಲ್ಲಿ ಟಬೂಬಿಯಾ ಸಾಲು ಇದೆ. ಅದು ಗುಲಾಬಿ ಬಣ್ಣದಲ್ಲಿ ಅರಳಿದಾಗ ಫೋಟೊ ತೆಗೆಯಲು ಬೇರೆ ಬಡಾವಣೆಗಳಿಂದ ಜನ ಬರುತ್ತಾರೆ. ನಮ್ಮ ಹೊಂಗೆಯ ಫೋಟೊ ಯಾರೂ ತೆಗೆಯುವುದಿಲ್ಲ. ಯುಗಾದಿ ಹೊತ್ತಿಗೆ ಅದರ ಹೊಸ ಎಲೆ ನೋಡಬೇಕು, ಅಷ್ಟು ಎಳೆಯ ಹಸಿರು. ಆಮೇಲೆ ನಸುಬಿಳಿ ಹೂವು ಉದುರಿ ಇಡೀ ಫುಟ್‌ಪಾತ್ ಮುಚ್ಚಿಹೋಗುತ್ತದೆ. ಜೇನುಹುಳುಗಳ ಸದ್ದು ಮಷಿನ್ ನಿಲ್ಲಿಸಿದಾಗ ಒಳಗಿನವರೆಗೂ ಕೇಳುತ್ತದೆ.

ಮರದ ಕೆಳಗಿನ ಬದುಕು ಬೇರೆಯೇ ಇದೆ. ಇಸ್ತ್ರಿ ಗಾಡಿಯವರು ಬೇವಿನ ಕೆಳಗೆ ನಿಲ್ಲುತ್ತಾರೆ. ಕೆಂಡ ತುಂಬಿದ ಪೆಟ್ಟಿಗೆ ಹಿಡಿದು ದಿನವಿಡೀ ನಿಲ್ಲುವವರಿಗೆ ಮೇಲಿನಿಂದಲೂ ಬಿಸಿಲು ಬಿದ್ದರೆ ಏನು ಗತಿ? ಕಸ ಗುಡಿಸುವ ಪೌರಕಾರ್ಮಿಕ ಹೆಂಗಸರು ತಿಂಡಿ ಡಬ್ಬಿ ಬಿಚ್ಚುವುದು ಎರಡನೇ ಹೊಂಗೆಯ ಕೆಳಗೆ. ಊಟ ತಲುಪಿಸುವ ಹುಡುಗರು ಬೈಕ್ ನಿಲ್ಲಿಸಿ ಮುಂದಿನ ಆರ್ಡರ್‌ಗೆ ಕಾಯುವುದು ಅಲ್ಲೇ. ಇವರಲ್ಲಿ ಯಾರಿಗೂ ನಮ್ಮ ಬೀದಿಯಲ್ಲಿ ಮನೆ ಇಲ್ಲ. ಹಾಗಾಗಿ ಬಡಾವಣೆ ಸಭೆಯಲ್ಲಿ ಇವರ ಮಾತು ಬರುವುದೇ ಇಲ್ಲ. ಮರ ಹೋದರೆ ಮೊದಲು ಕಷ್ಟಕ್ಕೆ ಬೀಳುವವರು ಇವರೇ. ನಮಗಾದರೆ ಫ್ಯಾನ್ ಇದೆ, ಪರದೆ ಇದೆ.

ನೆರಳಿನಿಂದ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ನಮ್ಮ ಬೆಂಗಳೂರಿನಲ್ಲೇ ಅಳೆದು ನೋಡಿದ್ದಾರೆ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಅವರ ಸಂಗಡಿಗರ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಮರ ಇರುವ ಮತ್ತು ಇಲ್ಲದ ರಸ್ತೆಗಳನ್ನು ಹೋಲಿಸಿದಾಗ ಗಾಳಿಯ ಉಷ್ಣತೆಯಲ್ಲಿ 5.6 ಡಿಗ್ರಿವರೆಗೂ ವ್ಯತ್ಯಾಸ ಇತ್ತಂತೆ. ರಸ್ತೆಯ ಮೇಲ್ಮೈಯಲ್ಲಂತೂ 27.5 ಡಿಗ್ರಿವರೆಗೆ! ಬರಿಗಾಲಲ್ಲಿ ತರಕಾರಿ ಗಾಡಿ ತಳ್ಳುವವರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಉಷ್ಣತೆ 39.2 ಡಿಗ್ರಿಗೆ ಏರಿತ್ತು. ಆ ಬೇಸಿಗೆಯಲ್ಲಿ ಈ ಬೀದಿಯ ನೆರಳಿಗೆ ಎಷ್ಟು ಜನ ಬಂದು ನಿಂತರು ಅಂತ ನನಗೆ ನೆನಪಿದೆ.

ಈಗ ಸಿಮೆಂಟ್ ವಿಷಯಕ್ಕೆ ಬರುತ್ತೇನೆ. ಮರದ ಬೇರು ಅಂದರೆ ನೆಟ್ಟಗೆ ಪಾತಾಳಕ್ಕೆ ಇಳಿಯುತ್ತದೆ, ಮೇಲೆ ಏನು ಹಾಕಿದರೂ ಪರವಾಗಿಲ್ಲ ಅಂತ ಜಾಸ್ತಿ ಜನ ತಿಳಿದುಕೊಂಡಿದ್ದಾರೆ. ಹಾಗಿಲ್ಲ. ನೀರು, ಆಹಾರ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಬೇರಿಗೂ ಗಾಳಿ ಬೇಕು. ಮಣ್ಣಿನ ಕಣಗಳ ನಡುವಿನ ಗಾಳಿಯನ್ನೇ ಅದು ಉಸಿರಾಡುತ್ತದೆ. ಮೇಲೆ ಸಿಮೆಂಟ್ ಮುಚ್ಚಿದರೆ ಗಾಳಿಯೂ ಇಲ್ಲ, ಮಳೆ ನೀರೂ ಇಲ್ಲ. ಬಿದ್ದ ಮಳೆಯೆಲ್ಲ ಜಾರಿ ಚರಂಡಿಗೆ ಹೋಗುತ್ತದೆ. ಕಾಂಡ ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತದಲ್ವಾ? ಸುತ್ತ ಗಟ್ಟಿ ಸಿಮೆಂಟ್ ಬಳೆ ಇದ್ದರೆ ತೊಗಟೆ ಅದಕ್ಕೆ ಒತ್ತಿ ಗಾಯವಾಗುತ್ತದೆ. ಗಾಯದಲ್ಲಿ ನೀರು ನಿಂತು ಕೊಳೆಯುತ್ತದೆ.

ಇದೆಲ್ಲ ಒಂದೇ ದಿನದಲ್ಲಿ ಆಗುವುದಿಲ್ಲ. ಅದೇ ದೊಡ್ಡ ತೊಂದರೆ. ಈ ವರ್ಷ ಸಿಮೆಂಟ್ ಹಾಕಿದರೆ ಮುಂದಿನ ವರ್ಷವೂ ಮರ ಚಿಗುರುತ್ತದೆ. ನಿಧಾನಕ್ಕೆ ತುದಿ ಕೊಂಬೆ ಒಣಗುತ್ತದೆ, ಎಲೆ ಚಿಕ್ಕದಾಗುತ್ತದೆ. ಇನ್ನಷ್ಟು ವರ್ಷ ಕಳೆದು ಮೇ ತಿಂಗಳ ಒಂದು ಸಂಜೆ ಗಾಳಿಮಳೆಗೆ ಬುಡಸಮೇತ ಬೀಳುತ್ತದೆ. ಆಗ ಎಲ್ಲರೂ ಗಾಳಿಯನ್ನು ಬೈಯುತ್ತಾರೆ, ಮರವನ್ನು ಬೈಯುತ್ತಾರೆ. ಸಿಮೆಂಟ್ ಹಾಕಿದ ದಿನ ಯಾರ ನೆನಪಿನಲ್ಲೂ ಇರುವುದಿಲ್ಲ. ಬಿಲ್ ಪಾಸಾಗಿ ಎಷ್ಟೋ ಕಾಲ ಆಗಿರುತ್ತದೆ.

2024ರ ಜೂನ್ 2ರಂದು ಬೆಂಗಳೂರಿನಲ್ಲಿ ಒಂದೇ ದಿನ 111 ಮಿಲಿಮೀಟರ್ ಮಳೆ ಸುರಿಯಿತು. ನೂರಾರು ಮರ ಬಿದ್ದವು. ಆ ರಾತ್ರಿ ಹಿಂದಿನ ರಸ್ತೆಯಲ್ಲೂ ಒಂದು ಗುಲ್‌ಮೊಹರ್ ಬಿತ್ತು. ಪುಣ್ಯಕ್ಕೆ ಯಾರಿಗೂ ಏಟಾಗಲಿಲ್ಲ. ಬೆಳಗ್ಗೆ ಹೋಗಿ ನೋಡಿದೆ. ಬುಡದ ಒಂದು ಪಕ್ಕದ ಬೇರುಗಳು ನೇರವಾಗಿ, ಗರಗಸದಲ್ಲಿ ಕೊಯ್ದ ಹಾಗೆ ತುಂಡಾಗಿದ್ದವು. ತುದಿ ಕಪ್ಪಾಗಿ ಕೊಳೆತಿತ್ತು. ಹಿಂದೊಮ್ಮೆ ಕೇಬಲ್ ಹಾಕಲು ಅದೇ ಪಕ್ಕದಲ್ಲಿ ಉದ್ದಕ್ಕೆ ಗುಂಡಿ ತೋಡಿದ್ದರು. ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರುಗಳನ್ನು ಆಗಲೇ ಕಡಿದಿದ್ದರು. ಮೇಲೆ ತಂತಿಗೆ ತಾಗುತ್ತದೆ ಅಂತ ರಸ್ತೆ ಪಕ್ಕದ ಕೊಂಬೆಗಳನ್ನು ಮಾತ್ರ ಕತ್ತರಿಸಿದ್ದರು. ಭಾರವೆಲ್ಲ ಒಂದು ಕಡೆ, ಹಿಡಿತ ಇಲ್ಲದ್ದು ಇನ್ನೊಂದು ಕಡೆ. ಒದ್ದೆ ಎಲೆಯ ತೂಕ, ಮೆತ್ತಗಾದ ಮಣ್ಣು, ಗಾಳಿ. ಬೀಳದೆ ಇನ್ನೇನು ಮಾಡುತ್ತದೆ?

ಮರುದಿನದಿಂದ ಬೀದಿಯಲ್ಲಿ ಒಂದೇ ಮಾತು. "ಎಲ್ಲಾ ಹಳೇ ಮರ ತೆಗೆಸಿಬಿಡೋಣ, ನಮ್ಮ ತಲೆ ಮೇಲೆ ಬಿದ್ರೆ ಯಾರು ಗತಿ?" ಹಾಗೆ ಹೇಳಿದವರ ಭಯ ಸುಳ್ಳಲ್ಲ. ಆಟೋ ಮೇಲೆ, ಬೈಕ್ ಮೇಲೆ ಮರ ಬಿದ್ದು ಜನ ಸತ್ತಿದ್ದಾರೆ. ಆ ಭಯಕ್ಕೆ ಉತ್ತರ ಕೊಡದೆ ಮರ ಉಳಿಸಿ ಅಂತ ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ನಿಜವಾಗಿ ಒಳಗೆ ಟೊಳ್ಳಾದ, ವಾಲಿದ ಮರ ಇದ್ದರೆ ಪಾಲಿಕೆಯ ಅರಣ್ಯ ಘಟಕದವರನ್ನು ಕರೆಸಿ ತೋರಿಸಬೇಕು. ಅವರು ಅಪಾಯ ಅಂದರೆ ತೆಗೆಯಬೇಕು. ಅದಕ್ಕೆ ನನ್ನ ತಕರಾರಿಲ್ಲ. ನನ್ನ ಮಾತು ಇಷ್ಟೇ: ಗಟ್ಟಿಯಾಗಿರುವ ಮರವನ್ನು ನಾವೇ ಟೊಳ್ಳು ಮಾಡುತ್ತಿದ್ದೇವೆ.

ಬೇರೆ ದೂರುಗಳೂ ಇವೆ. ಎಲೆ ಉದುರಿ ಚರಂಡಿ ಕಟ್ಟಿಕೊಳ್ಳುತ್ತದೆ, ಕಾರಿನ ಮೇಲೆ ಹಕ್ಕಿ ಹಿಕ್ಕೆ, ಸೋಲಾರ್‌ಗೆ ನೆರಳು. ಇವಕ್ಕೆಲ್ಲ ಏನಾದರೂ ದಾರಿ ಸಿಗುತ್ತದೆ. ಒಂದು ದೂರು ಮಾತ್ರ ನನ್ನನ್ನು ಬಹಳ ಯೋಚಿಸುವಂತೆ ಮಾಡಿತು. ನಮ್ಮ ಮೇಲಿನ ಮನೆಯ ಹುಡುಗಿ ಕೆಲಸ ಮುಗಿಸಿ ಬರುವಾಗ ರಾತ್ರಿ ಹತ್ತಾಗುತ್ತದೆ. ಮೆಟ್ರೋ ಸ್ಟೇಷನ್‌ನಿಂದ ನಡೆದುಕೊಂಡು ಬರುತ್ತಾಳೆ. "ಆಂಟಿ, ಬೀದಿ ದೀಪ ಮರದ ಮೇಲೆ ಉರೀತಿರುತ್ತೆ, ಕೆಳಗೆ ಕತ್ತಲೆ, ನಂಗೆ ಭಯ ಆಗತ್ತೆ" ಅಂದಳು. ಅವಳ ಮಾತು ನೂರಕ್ಕೆ ನೂರು ಸರಿ. ಆದರೆ ಅಲ್ಲಿ ತಪ್ಪಾಗಿರುವುದು ದೀಪದ ಎತ್ತರ. ದೀಪ ಕೊಂಬೆಗಳ ಕೆಳಗೆ ಇರಬೇಕು. ನಾವು ಹಾಗಂತಲೇ ಬರೆದುಕೊಟ್ಟೆವು. ಈಗ ನಾಲ್ಕು ಕಂಬಗಳಲ್ಲಿ ಕೆಳಗಡೆ ಇನ್ನೊಂದು ತೋಳು ಹಾಕಿ ದೀಪ ಕೊಟ್ಟಿದ್ದಾರೆ. ಮೂಲೆಯ ಕಂಬ ಇನ್ನೂ ಬಾಕಿ ಇದೆ.

ಸಿಮೆಂಟ್ ಕಂಡ ದಿನ ನಾನು ಹೊಲಿಗೆ ಟೇಪ್ ತಗೊಂಡು ಹೊರಟೆ. ಪ್ರತಿ ಮರದ ಸುತ್ತಳತೆ, ಕಾಂಡದಿಂದ ಮಣ್ಣು ಎಷ್ಟು ದೂರ ಇದೆ, ಫುಟ್‌ಪಾತ್ ಎಷ್ಟು ಅಗಲ ಇದೆ, ಎಲ್ಲ ಬರೆದುಕೊಂಡೆ. ಅಳತೆ ಪುಸ್ತಕ ನನಗೆ ಅಭ್ಯಾಸ ಅಲ್ವಾ. ಮಗ ಫೋನಿನಲ್ಲಿ ಫೋಟೊ ತೆಗೆದ. ಮರಕ್ಕೊಂದು ನಂಬರ್ ಹಾಕಿ, ಫೋಟೊ ಅಂಟಿಸಿ, ಕಾಮಗಾರಿ ಮಾಡಿಸಿದ ಕಚೇರಿಗೂ ಅರಣ್ಯ ಘಟಕಕ್ಕೂ ಕೊಟ್ಟೆವು. ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ತಗೊಂಡೆವು. ಸುಮ್ನೆ "ಮರಕ್ಕೆ ತೊಂದರೆ ಆಗಿದೆ" ಅಂತ ಬರೆದರೆ ಕಾಗದ ಕಾಗದದ ಕೆಳಗೆ ಹೋಗುತ್ತದೆ. "ಏಳನೇ ಮರ, ಸುತ್ತಳತೆ 68 ಇಂಚು, ತೆರೆದ ಮಣ್ಣು ಸೊನ್ನೆ" ಅಂತ ಬರೆದರೆ ಬಂದು ನೋಡಲೇಬೇಕಾಗುತ್ತದೆ.

ಕಾರ್ಪೊರೇಟರ್ ಹತ್ತಿರ ಹೋಗೋಣ ಅಂದರೆ 2020ರ ಸೆಪ್ಟೆಂಬರ್‌ನಲ್ಲೇ ಅವರ ಅವಧಿ ಮುಗಿದುಹೋಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರ ಕೆಳಗೆ ಐದು ನಗರ ಪಾಲಿಕೆಗಳಾದವು. ಹೆಸರು ಏನೇ ಇರಲಿ, ಬೀದಿಯಲ್ಲಿ ನಿಂತು "ಬನ್ನಿ ಸ್ವಾಮಿ, ಇಲ್ಲಿ ನೋಡಿ" ಅಂತ ಕರೆಯುವುದಕ್ಕೆ ನಮ್ಮವರು ಅಂತ ಒಬ್ಬರು ಬೇಕು. ಆ ಕೊರತೆ ಇಂಥ ಸಣ್ಣ ಕೆಲಸಗಳಲ್ಲೇ ಜಾಸ್ತಿ ಗೊತ್ತಾಗುವುದು.

ದೆಹಲಿಯಲ್ಲಿ ಇದೇ ವಿಷಯಕ್ಕೆ ಜನ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿದ್ದರು. 2013ರಲ್ಲಿ ಮಂಡಳಿ ಅಲ್ಲಿನ ಮರಗಳ ಸುತ್ತ ಒಂದು ಮೀಟರ್‌ವರೆಗಿನ ಕಾಂಕ್ರೀಟ್ ತೆಗೆಯಬೇಕು ಅಂತ ಆದೇಶ ಕೊಟ್ಟಿತು. ನಾವು ಅದನ್ನೂ ಅರ್ಜಿಯಲ್ಲಿ ಬರೆದೆವು. ನಮ್ಮಲ್ಲಿ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ವೃಕ್ಷ ಅಧಿಕಾರಿಯ ಅನುಮತಿ ಇಲ್ಲದೆ ಬೀದಿ ಮರ ಕಡಿಯುವ ಹಾಗಿಲ್ಲ. ಮನೆ ಕಾಂಪೌಂಡ್ ಒಳಗಿನ ಮರಕ್ಕೂ, ಕೆಲವು ಜಾತಿ ಬಿಟ್ಟರೆ, ಅನುಮತಿ ಬೇಕು. ಕೊಡಲಿ ಹಿಡಿದರೆ ಯಾರಾದರೂ ಬಂದು ಕೇಳುತ್ತಾರೆ. ಸಿಮೆಂಟ್ ಬಾಂಡ್ಲಿ ಹಿಡಿದರೆ ಯಾರೂ ಕೇಳುವುದಿಲ್ಲ. 2016ರ ಅಕ್ಟೋಬರ್‌ನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಜನ ಕೈ ಕೈ ಹಿಡಿದು ರಸ್ತೆಯಲ್ಲಿ ನಿಂತರು. 800ಕ್ಕೂ ಹೆಚ್ಚು ಮರ ಹೋಗುವುದಿತ್ತು. ಮರುವರ್ಷ ಆ ಯೋಜನೆ ನಿಂತಿತು. ಅಷ್ಟು ಮರ ಒಟ್ಟಿಗೆ ಹೋಗುತ್ತದೆ ಅಂದರೆ ಸಿಟ್ಟು ಬರುತ್ತದೆ. ಟೈಲ್ಸ್ ಕೆಳಗೆ ಒಂದೊಂದಾಗಿ ಸಾಯುವ ಮರಕ್ಕೂ ಅಷ್ಟೇ ಸಿಟ್ಟು ಬರಬೇಕು ಅಂತ ನನಗೆ ಅನಿಸುತ್ತದೆ.

ಕೊನೆಗೆ ಬಂದರು. ಬಂದ ಎಂಜಿನಿಯರ್ ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ಕೇಳಿಸಿಕೊಂಡರು. ಅರಣ್ಯ ಘಟಕದವರು ಮುಂದೆ ನಿಂತು ಹೇಳಿಕೊಟ್ಟರು: ಯಂತ್ರ ಬೇಡ, ಉಳಿ ಸುತ್ತಿಗೆಯಲ್ಲೇ ಒಡೆಯಬೇಕು, ಬೇರು ಸಿಕ್ಕರೆ ಕತ್ತರಿಸಬಾರದು. ಕೆಲಸಕ್ಕೆ ಬಂದಿದ್ದ ಗಾರೆಯವರು ರಾಯಚೂರು ಕಡೆಯವರು. ಸಿಮೆಂಟ್ ಒಡೆಯುತ್ತ, "ಅಕ್ಕಾ, ನಮ್ಮೂರಾಗ ಹೊಲದ ಬದುವಿಗೆ ಇರೋ ಬೇವಿಗೆ ಹಿಂಗ ಯಾರೂ ಮಾಡಂಗಿಲ್ರಿ" ಅಂದರು. ಅವರಿಗೆ ಮೊದಲೇ ಗೊತ್ತಿತ್ತು. ಹೇಳುವವರು "ಪೂರ್ತಿ ಹಾಕು" ಅಂದಿದ್ದರು, ಹಾಕಿದ್ದರು.

ಹತ್ತು ಮರಗಳಿಗೆ ಈಗ ಸುತ್ತ ಮಣ್ಣು ಸಿಕ್ಕಿದೆ. ಎಲ್ಲ ಕಡೆ ಒಂದು ಮೀಟರ್ ಆಗಲಿಲ್ಲ. ಫುಟ್‌ಪಾತ್ ಕಿರಿದಾಗಿರುವ ಕಡೆ ವಾಕರ್ ಹಿಡಿದು ಬರುವ ಅಜ್ಜಿಗೂ ದಾರಿ ಬೇಕಲ್ಲ. ಅಲ್ಲಿ ಎರಡಡಿ ಬಿಟ್ಟು, ಅದರಾಚೆ ಸಿಮೆಂಟ್ ಇಲ್ಲದೆ ಬರೀ ಮರಳಿನ ಮೇಲೆ ಸಂದು ಬಿಟ್ಟು ಕಲ್ಲು ಕೂರಿಸಿದರು. ನೀರು ಸಂದಿನಲ್ಲಿ ಇಳಿಯುತ್ತದೆ. ಇದರಲ್ಲಿ ಫುಟ್‌ಪಾತಿಗೂ ಲಾಭ ಇದೆ. ಗಾಳಿ, ತೇವ ಬೇರೆಲ್ಲೂ ಸಿಗದಿದ್ದಾಗ ಬೇರು ಟೈಲ್ಸ್ ಅಡಿಗೇ ನುಗ್ಗಿ ದಪ್ಪವಾಗುತ್ತದೆ. ಟೈಲ್ಸ್ ಎದ್ದು ನಿಲ್ಲುವುದು ಹಾಗೆ. ಬುಡದಲ್ಲಿ ಜಾಗ ಕೊಟ್ಟರೆ ಆ ಕಾಟ ಕಮ್ಮಿ.

ಒಂದು ಎಚ್ಚರಿಕೆ. ಮಣ್ಣು ಬಿಟ್ಟ ಮೇಲೆ ಪ್ರೀತಿ ಉಕ್ಕಿ ಕೆಲವರು ಸುತ್ತ ಕಟ್ಟೆ ಕಟ್ಟಿ ಮೊಣಕಾಲೆತ್ತರ ಮಣ್ಣು ತುಂಬಿಸಿ ಹೂವಿನ ಗಿಡ ಹಾಕುತ್ತಾರೆ. ದಯವಿಟ್ಟು ಬೇಡ. ಕಾಂಡದ ತೊಗಟೆ ಮಣ್ಣಿನಲ್ಲಿ ಹೂತುಹೋದರೆ ಅದೂ ಕೊಳೆಯುತ್ತದೆ. ನೆಲ ಇದ್ದ ಮಟ್ಟದಲ್ಲೇ ಇರಲಿ. ಉದುರಿದ ಎಲೆಯನ್ನು ತೆಳ್ಳಗೆ ಹರಡಿದರೆ ಸಾಕು. ಅಲ್ಲೇ ಗುಡ್ಡೆ ಹಾಕಿ ಬೆಂಕಿ ಕೊಡುವುದಂತೂ ಬೇಡವೇ ಬೇಡ. 2016ರ ಘನತ್ಯಾಜ್ಯ ನಿಯಮದಲ್ಲೇ ಹೊರಗೆ ಕಸ ಸುಡುವ ಹಾಗಿಲ್ಲ ಅಂತ ಇತ್ತು. ಚಳಿಗಾಲದ ಬೆಳಗ್ಗೆ ಈಗಲೂ ಹೊಗೆ ಏಳುತ್ತದೆ, ಬುಡದ ತೊಗಟೆ ಬೇಯುತ್ತದೆ. ಬೋರ್ಡ್ ಹೊಡೆದ ಮೊಳೆಗಳನ್ನು ನಮ್ಮ ಬೀದಿಯ ಮಕ್ಕಳು ಒಂದು ಭಾನುವಾರ ಕಿತ್ತರು. ಒಂದು ಡಬ್ಬಿ ತುಂಬಾ ಮೊಳೆ ಸಿಕ್ಕಿತು. ಪಿಜಿ, ಟ್ಯೂಷನ್, ನೀರಿನ ಟ್ಯಾಂಕರ್, ಎಲ್ಲರ ಬೋರ್ಡೂ ಇತ್ತು.

ಈ ಮರಗಳು ತಾವಾಗಿ ಬಂದವಲ್ಲ. ಜಯನಗರ ಬಡಾವಣೆ ಶುರುವಾಗಿದ್ದು 1948ರಲ್ಲಿ. ಅದಕ್ಕೂ ಮೊದಲು ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕ್ರುಂಬಿಗಲ್ ಅವರು ವರ್ಷದ ಎಲ್ಲ ತಿಂಗಳೂ ಊರಿನ ಯಾವುದಾದರೂ ರಸ್ತೆ ಹೂ ಬಿಟ್ಟಿರಬೇಕು ಅಂತ ಯೋಚಿಸಿ ಮರ ಆರಿಸಿದ್ದರು. 1980ರ ದಶಕದಲ್ಲಿ ಅರಣ್ಯ ಅಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ 15 ಲಕ್ಷದಷ್ಟು ಸಸಿ ನೆಟ್ಟರು. ಇವತ್ತು ನಾವು ನಿಲ್ಲುವ ನೆರಳಿನಲ್ಲಿ ಬಹಳಷ್ಟು ಆ ಕೆಲಸದ್ದು. ನಮ್ಮ ಬೀದಿಯ ಹಿರಿಯರೊಬ್ಬರು ಆ ಕಾಲದಲ್ಲಿ ಬಕೆಟ್‌ನಲ್ಲಿ ನೀರು ಹೊತ್ತು ಹಾಕಿದ್ದನ್ನು ಈಗಲೂ ಹೇಳುತ್ತಾರೆ. ಅವರ ಮನೆ ಮುಂದಿನ ಹೊಂಗೆಯೇ ನಮ್ಮ ಪಟ್ಟಿಯ ಏಳನೇ ಮರ. ಅದರ ತುದಿ ಕೊಂಬೆ ಒಣಗಲು ಶುರುವಾಗಿದೆ. ಸಿಮೆಂಟ್ ತೆಗೆದದ್ದು ತಡವಾಯಿತೋ ಏನೋ, ಮುಂದಿನ ಯುಗಾದಿಗೆ ಗೊತ್ತಾಗುತ್ತದೆ.

ಇನ್ನು ಪಕ್ಕದ ಕ್ರಾಸ್‌ನಲ್ಲಿ ಟೈಲ್ಸ್ ಕೆಲಸ ಶುರುವಾಗಲಿದೆ. ಅಲ್ಲಿನ ಕೆಲವು ಮನೆಯವರು ನಮ್ಮ ಅರ್ಜಿಯ ನಕಲು ತಗೊಂಡು ಹೋಗಿದ್ದಾರೆ. ಒಡೆದು ತೆಗೆಯುವುದಕ್ಕಿಂತ ಹಾಕುವ ದಿನವೇ ನಿಂತು ಹೇಳುವುದು ಎಷ್ಟೋ ಸುಲಭ ಅಂತ ಅವರಿಗೆ ಹೇಳಿದ್ದೇನೆ. ಜಲ್ಲಿ ಸುರಿಯುವ ಮೊದಲು ಪ್ರತಿ ಮರದ ಸುತ್ತ ಸುಣ್ಣದಲ್ಲಿ ಗೆರೆ ಹಾಕಿಬಿಡಿ, ಗಾರೆಯವರಿಗೆ ಟೀ ಕೊಟ್ಟು ಮಾತಾಡಿಸಿ ಅಂದೆ. ಆದರೆ ಅಲ್ಲೊಂದು ಭಾರಿ ಮಳೆಮರ ಇದೆ. ಬುಡವೇ ಫುಟ್‌ಪಾತಿನ ಮುಕ್ಕಾಲು ಭಾಗ ಹಿಡಿದಿದೆ. ಅದಕ್ಕೆ ಜಾಗ ಬಿಡಬೇಕಾದರೆ ನಡೆಯುವ ದಾರಿ ರಸ್ತೆ ಕಡೆಗೆ ಬಳಸಿಕೊಂಡು ಹೋಗಬೇಕು, ಒಂದು ಕಾರು ನಿಲ್ಲಿಸುವ ಜಾಗ ಬಿಟ್ಟುಕೊಡಬೇಕು. ಕಾರಿನವರು ಇನ್ನೂ ಒಪ್ಪಿಲ್ಲ. ಭಾನುವಾರ ಸಂಜೆ ಅವರ ಮನೆಗೆ ಎಲ್ಲರೂ ಸೇರಿ ಹೋಗುತ್ತಿದ್ದೇವೆ. ಇಸ್ತ್ರಿ ಗಾಡಿಯವರನ್ನೂ ಬನ್ನಿ ಅಂತ ಕರೆದಿದ್ದೇನೆ.